ತೆಲುಗು ಬೋರ್ಡು, ಮಲಯಾಳಂ ಬೋರ್ಡು ಮತ್ತು ಮಿದುಳಿನ ಪಿಎಚ್‌ಡಿ

ಕರ್ನೂಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕನ್ನಡ ಬಲ್ಲವರಿಗೆ ಅಷ್ಟೇನೂ ಗಾಬರಿಯಾಗುವುದಿಲ್ಲ. ತೆಲುಗು ಬೋರ್ಡಿನ ಒಂದೊಂದೇ ಅಕ್ಷರ ಕೂಡಿಸಿ, ಒಂದೆರಡನ್ನು ಊಹೆಗೆ ಬಿಟ್ಟು, ಹೇಗೋ ಊರಿನ ಹೆಸರು ಓದಿಕೊಳ್ಳುತ್ತೇವೆ. ಅದೇ ಪಾಲಕ್ಕಾಡಿನಲ್ಲಿ ಇಳಿದರೆ ಎಲ್ಲವೂ ಸುರುಳಿ ಸುರುಳಿ. ಬೋರ್ಡು ಕಾಣುತ್ತದೆ, ಓದಲು ಬರುವುದಿಲ್ಲ. ಪಕ್ಕದಲ್ಲಿ ನಿಂತ ಮಲಯಾಳಿ ಹುಡುಗ ಮಾತ್ರ ಒಂದು ಸಲ ಕಣ್ಣು ಹಾಯಿಸಿ ಬಸ್ ಹತ್ತುತ್ತಾನೆ. ಅವನ ಕಣ್ಣಿಗೆ ಬೀಳುವ ಚಿತ್ರವೇ ನಮ್ಮ ಕಣ್ಣಿಗೂ ಬೀಳುತ್ತಿದೆ. ಹಾಗಿದ್ದರೆ ಅವನ ತಲೆಯೊಳಗೆ ನಡೆದು, ನಮ್ಮ ತಲೆಯೊಳಗೆ ನಡೆಯದೇ ಇದ್ದದ್ದು ಏನು?

ಇದನ್ನು ಯಾರನ್ನು ಕೇಳಬೇಕು? ಕಣ್ಣಿನ ಡಾಕ್ಟರು ‘ಕಣ್ಣು ಸರಿಯಾಗಿದೆ’ ಎಂದು ವಾಪಸ್ ಕಳಿಸುತ್ತಾರೆ. ಭಾಷಾವಿಜ್ಞಾನಿಗಳು ಅಕ್ಷರದ ಬಗ್ಗೆ, ಉಚ್ಚಾರದ ಬಗ್ಗೆ ಹೇಳುತ್ತಾರೆ, ನರಕೋಶ ಅವರ ಸೀಮೆಯಲ್ಲ. ಜೀವಶಾಸ್ತ್ರದವರಿಗೆ ನರಕೋಶ ಚೆನ್ನಾಗಿ ಗೊತ್ತು, ಆದರೆ ಅವರ ಲ್ಯಾಬಿನ ಇಲಿಗೆ ಓದಲು ಬರುವುದಿಲ್ಲ. ಎಂಜಿನಿಯರ್ ಹತ್ತಿರ ಅಳೆಯುವ ಯಂತ್ರ ಇದೆ, ಏನನ್ನು ಅಳೆಯಬೇಕೆಂದು ಬೇರೆ ಯಾರೋ ಹೇಳಬೇಕು.

ಹೀಗೆ ಒಂದೇ ಡಿಪಾರ್ಟ್‌ಮೆಂಟಿನ ಗೋಡೆಯೊಳಗೆ ನಿಲ್ಲದ ಪ್ರಶ್ನೆಗಳ ಹಿಂದೆ ಹೋಗುವ ಓದಿಗೆ ಇಂಗ್ಲಿಷಿನಲ್ಲಿ ‘ಇಂಟರ್‌ಡಿಸಿಪ್ಲಿನರಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಅಂತರ್‌ಶಿಸ್ತೀಯ’ ಎಂಬ ಪದ ಮಾಡಿದ್ದಾರೆ. ಶಿಸ್ತು ಎಂದ ಕೂಡಲೇ ನನಗೆ ಸ್ಕೂಲಿನ ಪಿ.ಟಿ. ಮೇಷ್ಟ್ರು ನೆನಪಾಗುತ್ತಾರೆ, ಆದ್ದರಿಂದ ಆ ಪದ ಇಲ್ಲಿ ಬೇಡ. ಇಂಥ ಓದಿಗೆ, ಮಿದುಳು ಮತ್ತು ನರಗಳನ್ನು ಓದುವ ನ್ಯೂರೋಸೈನ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಮನೆಯಲ್ಲಿ ‘ನ್ಯೂರೋಸೈನ್ಸ್ ಓದ್ತೀನಿ’ ಎಂದರೆ ಬರುವ ಮೊದಲ ಪ್ರಶ್ನೆ, ‘ನಿಮ್ಹಾನ್ಸ್ ಡಾಕ್ಟರ್ ಆಗ್ತೀಯಾ?’ ಅಂತ. ಇಲ್ಲ. ಡಾಕ್ಟರು ರೋಗಿಯನ್ನು ನೋಡುತ್ತಾರೆ. ಇವರು ಪ್ರಶ್ನೆಯನ್ನು ನೋಡುತ್ತಾರೆ. ಎರಡನ್ನೂ ಮಾಡುವವರೂ ಇದ್ದಾರೆ ಅನ್ನಿ.

ಆ ಬೋರ್ಡಿನ ಪ್ರಶ್ನೆ ನಾನು ಸುಮ್ನೆ ಎತ್ತಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಇದರ ಮೇಲೆ ನಿಜವಾಗಿಯೂ ಕೆಲಸ ನಡೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬರೆದವರು ಮೂವರು. ಒಬ್ಬ ಸಂಶೋಧನಾ ವಿದ್ಯಾರ್ಥಿ, ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದ ಕೆ.ವಿ.ಎಸ್. ಹರಿ ಮತ್ತು ನ್ಯೂರೋಸೈನ್ಸ್ ಕೇಂದ್ರದ ಎಸ್.ಪಿ. ಅರುಣ್. ಅರುಣ್ ಕೂಡ ಕಾಲೇಜಿನಲ್ಲಿ ಓದಿದ್ದು ಎಂಜಿನಿಯರಿಂಗೇ.

ಅವರು ಎರಡು ಗುಂಪು ಮಾಡಿಕೊಂಡರು. ಒಂದರಲ್ಲಿ ತೆಲುಗು ಓದಬಲ್ಲ, ಮಲಯಾಳಂ ಬಾರದವರು. ಇನ್ನೊಂದರಲ್ಲಿ ಮಲಯಾಳಂ ಓದಬಲ್ಲ, ತೆಲುಗು ಬಾರದವರು. ಇದರ ಜಾಣತನ ನೋಡಿ. ಒಂದೇ ಚಿತ್ರ, ಒಂದು ಗುಂಪಿಗೆ ಅಕ್ಷರ, ಇನ್ನೊಂದಕ್ಕೆ ಬರೀ ಗೆರೆ. ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಿದರೆ ಸಾಕು, ಓದು ಮಾಡಿದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕನ್ನಡ–ತೆಲುಗು ಜೋಡಿ ಆರಿಸಿದ್ದರೆ ಇದು ಕೆಡುತ್ತಿತ್ತು ಎಂಬುದು ನನ್ನ ಊಹೆ, ಅವು ಅಷ್ಟು ಹತ್ತಿರದ ಲಿಪಿಗಳು.

ಪ್ರಯೋಗ ಮಾತ್ರ ಮಕ್ಕಳ ಆಟದಂತಿದೆ. ಪರದೆಯ ತುಂಬ ಒಂದೇ ಅಕ್ಷರ, ನಡುವೆ ಎಲ್ಲೋ ಒಂದು ಬೇರೆಯದು. ಅದನ್ನು ಹುಡುಕಿ ಬಟನ್ ಒತ್ತಬೇಕು. ಕನ್ನಡದಲ್ಲೇ ಯೋಚಿಸಿ. ಹದಿನೈದು ‘ಪ’ಗಳ ನಡುವೆ ಒಂದು ‘ಇ’ ಇಟ್ಟರೆ ಥಟ್ಟನೆ ಸಿಗುತ್ತದೆ. ‘ಫ’ ಇಟ್ಟರೆ ಹುಡುಕಬೇಕು. ಹುಡುಕಲು ಹೊತ್ತು ಜಾಸ್ತಿ ಬೇಕಾದಷ್ಟೂ ಆ ಎರಡು ಅಕ್ಷರ ಮಿದುಳಿಗೆ ಹತ್ತಿರದವು ಎಂದರ್ಥ. ಇಲ್ಲಿಗೆ ಇದು ಮನಶ್ಶಾಸ್ತ್ರ. ಈಗ ಒಂದನ್ನು ಆ ಸಮಯದಿಂದ ಭಾಗಿಸಿ. ಅರ್ಧ ಸೆಕೆಂಡಿನಲ್ಲಿ ಸಿಕ್ಕರೆ ಉತ್ತರ 2, ಎರಡು ಸೆಕೆಂಡ್ ಹಿಡಿದರೆ 0.5. ಇಷ್ಟು ಮಾಡಿದ ಕೂಡಲೇ ‘ಬೇರೆ ಕಾಣುತ್ತದೆ’ ಎಂಬ ಅನಿಸಿಕೆ ಅಳತೆಯಾಯಿತು. ನಕ್ಷೆಯಲ್ಲಿ ಎರಡು ಊರುಗಳ ನಡುವಿನ ದೂರದಂತೆ ಎರಡು ಅಕ್ಷರಗಳ ನಡುವೆಯೂ ಒಂದು ದೂರ. ಈಗ ಎಂಜಿನಿಯರ್‌ಗೆ ಕೈಯಾಡಿಸಲು ಏನೋ ಸಿಕ್ಕಿತು.

ಮುಂದಿನ ಪ್ರಶ್ನೆ ಇನ್ನೂ ಚೆಂದ. ಎರಡೆರಡು ಅಕ್ಷರದ ಜೋಡಿಗಳನ್ನು ತೋರಿಸಿದರೆ, ಜೋಡಿಗಳ ನಡುವಿನ ದೂರವನ್ನು ಬಿಡಿ ಅಕ್ಷರಗಳ ದೂರಗಳನ್ನು ಕೂಡಿಸಿಯೇ ಹೇಳಬಹುದಾ? ಓದು ಕಲಿತವರಿಗೆ ಪದವೆಲ್ಲ ಒಂದೇ ಚಿತ್ರವಾಗಿ ಅಂಟಿಕೊಂಡು ಕಾಣುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿದ್ದರೆ ಕೂಡುವ ಲೆಕ್ಕ ಓದು ಬಲ್ಲವರಲ್ಲೇ ತಪ್ಪಬೇಕು. ಆದದ್ದು ತಿರುಗಾಮುರುಗಾ. ಓದು ಬಲ್ಲವರಲ್ಲೇ ಕೂಡುವ ಲೆಕ್ಕ ಇನ್ನೂ ಚೆನ್ನಾಗಿ ಹೊಂದಿತು. ಓದು ಅಕ್ಷರಗಳನ್ನು ಅಂಟಿಸಿರಲಿಲ್ಲ, ಒಂದರ ಪಕ್ಕ ಒಂದು ನಿಂತರೂ ಕಲಸಿಹೋಗದಂತೆ ಬಿಡಿಸಿಟ್ಟಿತ್ತು. ಸ್ಕ್ಯಾನರಿನಲ್ಲಿ ನೋಡಿದಾಗ ಈ ಬದಲಾವಣೆಯ ಗುರುತು ಮಿದುಳಿನ ಹಿಂಭಾಗದಲ್ಲಿ, ಆಕಾರ ಗುರುತಿಸುವ ಭಾಗದಲ್ಲಿ ಕಂಡಿತು.

ಸ್ಕ್ಯಾನರ್ ಎಂದೆನಲ್ಲ, ಅಲ್ಲಿಂದ ಬೇರೆಯೇ ಕಥೆ ಶುರು. ಸಂಶೋಧನೆಗೆ ಬಳಸುವ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 3 ಟೆಸ್ಲಾದ ಆಯಸ್ಕಾಂತ ಇರುತ್ತದೆ. ಭೂಮಿಯ ಕಾಂತಬಲದ ಸುಮಾರು 60 ಸಾವಿರ ಪಟ್ಟು. ಅದು ಮಿದುಳಿನ ಯೋಚನೆಯನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತದೆ. ನರಕೋಶಗಳು ದುಡಿದ ಕಡೆ ಆಮ್ಲಜನಕ ತುಂಬಿದ ರಕ್ತ ನುಗ್ಗುತ್ತದೆ, ಅದರ ಕಾಂತಗುಣ ಸ್ವಲ್ಪ ಬೇರೆ. ಅಷ್ಟೇ ಸುಳಿವು. ನರಕೋಶದ ಒಂದು ವಿದ್ಯುತ್ ಮಿಡಿತ ಮುಗಿಯಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು, ರಕ್ತದ ಅಲೆ ಏರಲು ಐದಾರು ಸೆಕೆಂಡ್ ಬೇಕು. ಮದುವೆ ಮನೆಯಲ್ಲಿ ಯಾರು ಏನು ಮಾತಾಡಿದರು ಎಂದು, ಆಮೇಲೆ ಅಡುಗೆಮನೆಯಿಂದ ಕಾಫಿ ಯಾವ ಕಡೆಗೆ ಹೋಯಿತು ಎಂಬುದರ ಮೇಲೆ ಹೇಳಿದಂತೆ. ಮಾತು ಜೋರಾದ ಕಡೆಗೆ ಕಾಫಿ ಹೋಗುವುದೇನೋ ನಿಜ. ಆದರೆ ಮಾತು ಏನು ಎಂದು ತಿಳಿಯಲು ಬೇರೆ ದಾರಿ ಹುಡುಕಬೇಕು.

ಈ ಚಿತ್ರಗಳಲ್ಲಿ ಒಂದೊಂದು ಚುಕ್ಕೆಯೂ ‘ಇಲ್ಲಿ ಚಟುವಟಿಕೆ ಇದೆಯಾ, ಇಲ್ಲವಾ’ ಎಂಬ ಒಂದೊಂದು ಸಣ್ಣ ಪರೀಕ್ಷೆ. ಸಾವಿರಾರು ಚುಕ್ಕೆಗಳಿದ್ದಾಗ ಕೆಲವು ಅದೃಷ್ಟದಿಂದಲೇ ಪಾಸಾಗುತ್ತವೆ. ಇದನ್ನು ತೋರಿಸಲು 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಇವರು ಯಾವ ಭಾವದಲ್ಲಿದ್ದಾರೆ ಎಂದು ಮೀನನ್ನು ಕೇಳಿದರು ಕೂಡ! ಚುಕ್ಕೆಗಳ ಸಂಖ್ಯೆಯನ್ನು ಲೆಕ್ಕಕ್ಕೆ ತಗೊಳ್ಳದೆ ನೋಡಿದಾಗ ಸತ್ತ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ಸರಿಯಾದ ಲೆಕ್ಕ ಹಾಕಿದಾಗ ಮಾಯವಾಯಿತು. 2012ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಎಂಬ ತಮಾಷೆ ಪ್ರಶಸ್ತಿಯೂ ಬಂತು. ಜೀವಶಾಸ್ತ್ರ ಓದಿ ಬಂದ ಹುಡುಗಿಗೆ ಸ್ಟ್ಯಾಟಿಸ್ಟಿಕ್ಸ್ ಯಾಕೆ ಎಂದು ಕೇಳುವವರಿಗೆ ನಾನು ಈ ಮೀನಿನ ಕಥೆಯನ್ನೇ ಹೇಳುತ್ತೇನೆ.

ಹೀಗೆ ಗಡಿ ದಾಟುವುದು ಈಗಿನ ಫ್ಯಾಷನ್ ಎಂದು ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರನ್ನು ತೋರಿಸಬೇಕು. ಇಬ್ಬರೂ ಕೇಂಬ್ರಿಜ್‌ನವರು. ಎರಡನೇ ಮಹಾಯುದ್ಧದ ಸಮಯದಲ್ಲಿ ಹಾಜ್‌ಕಿನ್ ರೇಡಾರ್ ಮೇಲೆ, ಹಕ್ಸ್‌ಲಿ ಫಿರಂಗಿ ಗುರಿಯ ಲೆಕ್ಕದ ಮೇಲೆ ಕೆಲಸ ಮಾಡಿದವರು. ಯುದ್ಧಕ್ಕೆ ಮುಂಚೆ ಕೈ ಹಾಕಿದ್ದ, ಸ್ಕ್ವಿಡ್ ಎಂಬ ಕಡಲ ಪ್ರಾಣಿಯ ನರದ ಹಿಂದೆ ಯುದ್ಧ ಮುಗಿದ ಮೇಲೆ ಮತ್ತೆ ಬಿದ್ದರು. ಸ್ಕ್ವಿಡ್ಡೇ ಯಾಕೆ? ಅದರಲ್ಲೊಂದು ನರತಂತು ಅರ್ಧ ಮಿಲಿಮೀಟರಿಗೂ ದಪ್ಪ ಇರುತ್ತದೆ, ಒಳಗೆ ತಂತಿ ತೂರಿಸಬಹುದು. ನಮ್ಮ ಮಿದುಳಿನ ತಂತುಗಳು ಅದರ ಮುಂದೆ ಕೂದಲೆಳೆಗಿಂತ ಎಷ್ಟೋ ತೆಳು. ಅಳೆದದ್ದನ್ನು ಅವರು ಸಮೀಕರಣಗಳಲ್ಲಿ ಬರೆದರು. ಅದರಲ್ಲಿ ಬಳಸಿದ ಒಂದು ಗಣಿತ ಹುಟ್ಟಿದ್ದು ಕಡಲಡಿಯ ಟೆಲಿಗ್ರಾಫ್ ಕೇಬಲ್‌ಗಾಗಿ, 1850ರ ದಶಕದಲ್ಲಿ. ನರವೂ ಉಪ್ಪುನೀರಿನಲ್ಲಿ ಮುಳುಗಿದ, ಅಲ್ಲಲ್ಲಿ ವಿದ್ಯುತ್ ಸೋರುವ ಕೇಬಲ್ಲೇ ತಾನೆ?

ಲೆಕ್ಕ ಬಿಡಿಸಲು ಕೇಂಬ್ರಿಜ್‌ನ ಕಂಪ್ಯೂಟರ್ ಬೇಕಿತ್ತು. ಅದನ್ನು ಬದಲಾಯಿಸುವ ದೊಡ್ಡ ಕೆಲಸ ನಡೆದಿತ್ತು, ತಿಂಗಳುಗಟ್ಟಲೆ ಸಿಗುವಂತಿರಲಿಲ್ಲ. ಹಕ್ಸ್‌ಲಿ ಕಾಯಲಿಲ್ಲ. ಕೈಯಿಂದ ಹಿಡಿಕೆ ತಿರುಗಿಸುವ ಬ್ರನ್ಸ್‌ವಿಗಾ ಎಂಬ ಲೆಕ್ಕದ ಯಂತ್ರ ಹಿಡಿದು ಕೂತರು. ನರದಲ್ಲಿ ಮಿಡಿತ ಸೆಕೆಂಡಿಗೆ 18.8 ಮೀಟರ್ ಓಡಬೇಕು ಎಂದು ಲೆಕ್ಕ ಹೇಳಿತು. ಅಳೆದಾಗ 21.2 ಇತ್ತು. ಅಷ್ಟು ಹತ್ತಿರ! ಪ್ರಬಂಧಗಳು ಬಂದದ್ದು 1952ರಲ್ಲಿ, ನೊಬೆಲ್ 1963ರಲ್ಲಿ. ಇವತ್ತಿಗೂ ಹಲವು ಕಡೆ ನ್ಯೂರೋಸೈನ್ಸ್ ಸೇರಿದ ವಿದ್ಯಾರ್ಥಿ ಆ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಬೇಕಾಗುತ್ತದೆ. ಹಕ್ಸ್‌ಲಿಗೆ ದಿನಗಟ್ಟಲೆ ಹಿಡಿದದ್ದು ಈಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಇನ್ನೊಂದು ಕಥೆ ಪಾಚಿಯದು. ಕ್ಲ್ಯಾಮಿಡೊಮೊನಾಸ್ ಎಂಬ ಒಂದೇ ಕೋಶದ ಹಸಿರು ಪಾಚಿ ಬೆಳಕು ಕಂಡರೆ ಅತ್ತ ಈಜುತ್ತದೆ. ಅದು ಹೇಗೆ ಎಂದು ನೋಡುತ್ತಿದ್ದವರಿಗೆ, ಬೆಳಕು ಬಿದ್ದರೆ ತೆರೆದುಕೊಳ್ಳುವ ಬಾಗಿಲಿನಂಥ ಒಂದು ಪ್ರೋಟೀನ್ ಸಿಕ್ಕಿತು. 2005ರಲ್ಲಿ ಮನೋವೈದ್ಯ ಕಾರ್ಲ್ ಡೈಸರಾಥ್, ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರ ಓದಿದ ಎಡ್ ಬಾಯ್ಡನ್ ಮತ್ತು ಜೊತೆಯವರು ಅದನ್ನು ನರಕೋಶದೊಳಗೆ ಕೂರಿಸಿದರು. ಬೆಳಕು ಹಾಕಿದರೆ ನರಕೋಶ ಮಿಡಿಯಿತು. ಇವತ್ತು ಇಲಿಯ ಮಿದುಳಿನಲ್ಲಿ ಬೇಕಾದ ಕೋಶಗಳನ್ನಷ್ಟೇ ಸ್ವಿಚ್ ಹಾಕಿದಂತೆ ಎಬ್ಬಿಸಬಹುದು. ಪಾಚಿಯ ಮೇಲೆ ಕೆಲಸ ಮಾಡಲು ದುಡ್ಡು ಕೇಳುವವನಿಗೆ ‘ಇದರಿಂದ ಏನಪ್ಪಾ ಉಪಯೋಗ’ ಎಂದು ಕೇಳುವ ಕಮಿಟಿಗಳು ಇದನ್ನು ಗೋಡೆಗೆ ತೂಗುಹಾಕಿಕೊಳ್ಳಬೇಕು.

ಇಂಥ ಪಿಎಚ್‌ಡಿಗೆ ಸೇರಿದವರ ದಿನ ಹೇಗಿರುತ್ತದೆ? ಅಮೆರಿಕದ ಹೆಚ್ಚಿನ ಕಡೆ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಒಂದೆರಡು ತಿಂಗಳು ಇದ್ದು ನೋಡುವ ‘ರೊಟೇಷನ್’ ಇರುತ್ತದೆ. ಆಮೇಲೆ ಒಂದು ಲ್ಯಾಬ್ ಆರಿಸಿಕೊಳ್ಳಬೇಕು. ಭಾರತದಲ್ಲೂ ಕೆಲವು ಕಡೆ ಈ ಪದ್ಧತಿ ಇದೆ, ಇನ್ನು ಕೆಲವು ಕಡೆ ಸೇರುವಾಗಲೇ ಗೈಡ್ ಯಾರೆಂದು ತೀರ್ಮಾನವಾಗುತ್ತದೆ. ಕ್ಲಾಸಿನಲ್ಲಿ ಒಬ್ಬಳು ಬಿ.ಇ. ಎಲೆಕ್ಟ್ರಾನಿಕ್ಸ್, ಒಬ್ಬ ಎಂ.ಬಿ.ಬಿ.ಎಸ್., ಒಬ್ಬಳು ಎಂ.ಎಸ್ಸಿ. ಪ್ರಾಣಿಶಾಸ್ತ್ರ, ಒಬ್ಬ ಭೌತಶಾಸ್ತ್ರ. ಎಲೆಕ್ಟ್ರಾನಿಕ್ಸ್ ಹುಡುಗಿಗೆ ಫೂರಿಯೆ ಲೆಕ್ಕ ನೀರು ಕುಡಿದಂತೆ. ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರ ಒಟ್ಟಿಗೆ ನುಡಿದರೂ ನಮ್ಮ ಕಿವಿ ಬೇರೆ ಬೇರೆ ಮಾಡುತ್ತದಲ್ಲ, ಹಾಗೆ ಕಲಸಿದ ಅಲೆಯನ್ನು ಬಿಡಿಸುವ ಲೆಕ್ಕ ಅದು. ಆದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಎಲ್ಲಿದೆ ಎಂದರೆ ತಡಕಾಡುತ್ತಾಳೆ. ಪ್ರಾಣಿಶಾಸ್ತ್ರದವಳಿಗೆ ಅದು ಕಣ್ಣು ಮುಚ್ಚಿದರೂ ಗೊತ್ತು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೆಸರು ಹೇಳಿದರೆ ಮಾತ್ರ ನೆನಪಾಗುವುದು ಹಾವೇ.

ಮೊದಲ ಎರಡು ವರ್ಷ ಎಲ್ಲರೂ ಯಾವುದೋ ಒಂದು ಕ್ಲಾಸಿನಲ್ಲಿ ದಡ್ಡರೇ. ಊರಿನ ಕಾಲೇಜಿನಲ್ಲಿ ಫಸ್ಟ್ ಬಂದು ಬಂದವರಿಗೆ ಇದು ನುಂಗಲಾರದ ತುತ್ತು. ನನ್ನ ಕೇಳಿದರೆ ಈ ಓದಿನ ನಿಜವಾದ ಪರೀಕ್ಷೆ ಇದೇ.

ಇನ್ನೊಂದು ತೊಡಕು ಮಾತಿನದು. ‘ನ್ಯೂಕ್ಲಿಯಸ್’ ತಗೊಳ್ಳಿ. ಭೌತಶಾಸ್ತ್ರದವನಿಗೆ ಅದು ಪರಮಾಣುವಿನ ನಡು. ಜೀವಶಾಸ್ತ್ರದವಳಿಗೆ ಕೋಶದ ನಡು. ಅಂಗರಚನೆ ಓದಿದವನಿಗೆ ಮಿದುಳಿನ ಆಳದಲ್ಲಿ ಒಟ್ಟಾಗಿ ಕೂತ ನರಕೋಶಗಳ ಗುಂಪು. ಎಂಆರ್‌ಐ ಮೊದಲನೆಯದನ್ನು ಬಳಸಿ ಮೂರನೆಯದನ್ನು ತೋರಿಸುತ್ತದೆ, ಎರಡನೆಯದು ಅದಕ್ಕೆ ಕಾಣುವುದೇ ಇಲ್ಲ. ‘ಮಾಡೆಲ್’ ಇನ್ನೂ ಮೋಸದ ಪದ. ಒಬ್ಬನಿಗೆ ಸಮೀಕರಣ, ಇನ್ನೊಬ್ಬಳಿಗೆ ಬಿಳಿ ಇಲಿ. ‘ನಿನ್ನ ಮಾಡೆಲ್ ಸರಿಯಿಲ್ಲ’ ಎಂದು ಒಬ್ಬ, ‘ದಿನಾ ಎರಡು ಹೊತ್ತು ಊಟ ಹಾಕ್ತಿದ್ದೀನಿ, ಏನಾಗಿದೆ ಅದಕ್ಕೆ?’ ಎಂದು ಇನ್ನೊಬ್ಬಳು. ವಾರಕ್ಕೊಮ್ಮೆ ಒಂದು ಪ್ರಬಂಧ ಓದಿ ಜಗಳವಾಡುವ ಜರ್ನಲ್ ಕ್ಲಬ್‌ಗಳಲ್ಲಿ ಅರ್ಧ ಜಗಳ ಇಂಥದ್ದೇ. ಮೂರನೇ ವರ್ಷದ ಹೊತ್ತಿಗೆ ಪದ ಒಂದೇ ಆದರೂ ಅರ್ಥ ಬೇರೆ ಎಂದು ತಾವೇ ನಿಲ್ಲಿಸಿ ಕೇಳಲು ಕಲಿತಿರುತ್ತಾರೆ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲ ವಿಷಯವನ್ನೂ ಸ್ವಲ್ಪ ಸ್ವಲ್ಪ ನೆಕ್ಕಿ ನೋಡುವುದಕ್ಕೆ ಇಂಟರ್‌ಡಿಸಿಪ್ಲಿನರಿ ಎಂಬ ದೊಡ್ಡ ಹೆಸರು ಕೊಡುವವರಿದ್ದಾರೆ. ಅಂಥ ಪಿಎಚ್‌ಡಿ ಕೊನೆಗೆ ಯಾರಿಗೂ ಬೇಡ. ಹಕ್ಸ್‌ಲಿಗೆ ಗಣಿತ ‘ಸ್ವಲ್ಪ’ ಬರುತ್ತಿದ್ದರೆ ಆ ಹಿಡಿಕೆ ತಿರುಗಿಸಲು ಆಗುತ್ತಿರಲಿಲ್ಲ. ಒಂದು ಕೈಕಸುಬು ಗಟ್ಟಿಯಾಗಿ ಬರಬೇಕು. ನರಕೋಶದಿಂದ ರೆಕಾರ್ಡಿಂಗ್ ಮಾಡುವುದಿರಲಿ, ಸ್ಕ್ಯಾನ್ ವಿಶ್ಲೇಷಣೆ ಇರಲಿ, ಗಣಿತ ಇರಲಿ. ಉಳಿದವುಗಳಲ್ಲಿ ಬೇಕಾದದ್ದು ಇನ್ನೊಬ್ಬರು ತಪ್ಪು ಹೇಳಿದಾಗ ಮೂಗಿಗೆ ವಾಸನೆ ಬಡಿಯುವಷ್ಟು ತಿಳಿವಳಿಕೆ.

ಬೆಂಗಳೂರು ಇಂಥ ಓದಿಗೆ ದೇಶದಲ್ಲೇ ಒಳ್ಳೆಯ ಊರು. ನಿಮ್ಹಾನ್ಸ್ 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಒಂದು ತರಬೇತಿ ಸಂಸ್ಥೆ ಸೇರಿ ಆದದ್ದು. ರೋಗಿಗಳೂ ಸಂಶೋಧಕರೂ ಒಂದೇ ಆವರಣದಲ್ಲಿ. ಸಾವಿನ ನಂತರ ದಾನ ಬಂದ ಮಿದುಳುಗಳ ಸಂಗ್ರಹವೂ ಅಲ್ಲಿದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಕಟ್ಟಿದ ವಿಜ್ಞಾನಿ ಒಬೈದ್ ಸಿದ್ದಿಕಿ 1970ರ ದಶಕದಲ್ಲೇ ಅಮೆರಿಕದ ವಿಜ್ಞಾನಿ ಸೀಮರ್ ಬೆಂಜರ್ ಜೊತೆ, ಬಿಸಿ ಏರಿದರೆ ಲಕ್ವ ಹೊಡೆದಂತೆ ಬೀಳುವ ಹಣ್ಣಿನ ನೊಣಗಳನ್ನು ಹಿಡಿದು ನರಗಳನ್ನು ಅರ್ಥ ಮಾಡಿಕೊಳ್ಳಲು ಹೊರಟವರು. ಟಾಟಾ ಇನ್‌ಸ್ಟಿಟ್ಯೂಟಿನ ನ್ಯೂರೋಸೈನ್ಸ್ ಕೇಂದ್ರ ಶುರುವಾದದ್ದು 2009ರಲ್ಲಿ. ಎರಡು ವಿಭಾಗಗಳ ಇಬ್ಬರು ಗೈಡ್‌ಗಳ ಕೈಕೆಳಗೆ ಪಿಎಚ್‌ಡಿ ಮಾಡುವ ವ್ಯವಸ್ಥೆಯೂ ಆ ಸಂಸ್ಥೆಯಲ್ಲಿ ಇದೆ. ಇಬ್ಬರು ಗೈಡ್ ಎಂದರೆ ಎರಡು ಮನೆಯ ಸೊಸೆ ಆದಂತೆ, ಇಬ್ಬರೂ ಪರಸ್ಪರ ಮಾತಾಡುತ್ತಾರಾ ಎಂದು ಸೇರುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹೊರಗೆ ಹೋಗುವುದಾದರೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಇದೆ. ಪ್ರವೇಶಕ್ಕೆ ಗೇಟ್, ನೆಟ್ ಅಥವಾ ಸಂಸ್ಥೆಯದೇ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ. ದುಡ್ಡಿನ ವಿಷಯಕ್ಕೆ ಬಂದರೆ, 2023ರ ಜನವರಿಯಿಂದ ಜೆಆರ್‌ಎಫ್ ಎಂಬ ಮೊದಲ ಹಂತದ ಫೆಲೋಶಿಪ್‌ಗೆ ತಿಂಗಳಿಗೆ 37,000, ಎಸ್‌ಆರ್‌ಎಫ್ ಎಂಬ ಮುಂದಿನ ಹಂತಕ್ಕೆ 42,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಐಟಿಗೆ ಹೋದ ಗೆಳೆಯರ ಜೊತೆ ಹೋಲಿಸಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ. ಇದು ಐದಾರು ವರ್ಷದ ಕೆಲಸ.

ಲ್ಯಾಬಿನಲ್ಲಿ ಮುಗಿಯದ ಪ್ರಶ್ನೆಗಳೂ ಇವೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಿದುಳಿನ ಮುಪ್ಪಿನ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್‌ನದು. 45 ದಾಟಿದ ಹಳ್ಳಿಯ ಜನ, ಒಟ್ಟು 10,000 ಮಂದಿಯ ಗುರಿ, ಅವರನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವುದು. ಇಲ್ಲಿ ಏನು ತೊಡಕು? ಮರೆವು ಅಳೆಯಲು ಜಗತ್ತಿನಾದ್ಯಂತ ಬಳಸುವ ಒಂದು ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಅದರಲ್ಲಿ ಒಂದು ವಾಕ್ಯ ಬರೆಯಿರಿ ಎಂದಿದೆ, ಒಂದು ಪದದ ಸ್ಪೆಲಿಂಗ್ ಹಿಂದುಮುಂದಾಗಿ ಹೇಳಿ ಎಂದಿದೆ. ಜೀವಮಾನವಿಡೀ ತೋಟ ನೋಡಿಕೊಂಡ, ಸ್ಕೂಲಿನ ಮೆಟ್ಟಿಲು ಹತ್ತದ ಅಜ್ಜಿ ಇದರಲ್ಲಿ ಫೇಲ್. ಅವರಿಗೆ ಮರೆವಿನ ಕಾಯಿಲೆ ಇದೆಯಾ? ಇಲ್ಲ, ಪರೀಕ್ಷೆಗೇ ಅವರ ಭಾಷೆ ಬರುವುದಿಲ್ಲ. ಹಾಗಾಗಿ ಇಂಥ ಕಡೆ ಓದುಬರಹ ಬೇಡದ ಪರೀಕ್ಷೆಗಳನ್ನು ಕಟ್ಟಬೇಕು. ಅದಕ್ಕೆ ಜೀನ್ ಓದುವವರ ಜೊತೆಗೆ ಹಳ್ಳಿಯ ಮಾತು ಬಲ್ಲವರೂ ಬೇಕು.

ಆ ಸೀಮೆಯಲ್ಲಿ ಇನ್ನೊಂದು ಸಂಗತಿ ಇದೆ. ಮನೆಯಲ್ಲಿ ತೆಲುಗು ಆಡಿ, ಸ್ಕೂಲಿನಲ್ಲಿ ಕನ್ನಡ ಮಾತ್ರ ಓದಿದವರು ಕೋಲಾರ, ಪಾವಗಡ ಕಡೆ ಬೇಕಾದಷ್ಟು ಮಂದಿ. ತೆಲುಗು ಅವರ ಬಾಯಲ್ಲಿದೆ, ತೆಲುಗು ಅಕ್ಷರ ಕಲಿತಿಲ್ಲ. ನಮ್ಮಂಥವರಿಗೆ ಇದರ ಉಲ್ಟಾ. ಅಕ್ಷರ ಅರ್ಧ ಗೊತ್ತಾಗುತ್ತದೆ, ಭಾಷೆ ಬರುವುದಿಲ್ಲ. ಇಬ್ಬರನ್ನೂ ಕರ್ನೂಲಿನ ಆ ಬೋರ್ಡಿನ ಮುಂದೆ ನಿಲ್ಲಿಸಿ, ಕೈಗೊಂದು ಬಟನ್ ಕೊಟ್ಟರೆ ಯಾರು ಮೊದಲು ಒತ್ತುತ್ತಾರೆ? ಬಾಯಲ್ಲಿರುವ ಭಾಷೆ ಕಣ್ಣಿಗೆ ಸಹಾಯ ಮಾಡುತ್ತದಾ, ಅಥವಾ ಕಣ್ಣಿಗೆ ಅದರದ್ದೇ ಅಭ್ಯಾಸ ಬೇಕಾ? ಸ್ಕ್ಯಾನರ್ ಆಮೇಲೆ ನೋಡೋಣ. ಮೊದಲಿಗೆ ಒಂದು ಲ್ಯಾಪ್‌ಟಾಪ್, ಪೈಥಾನ್ ಬಲ್ಲ ಒಬ್ಬರು, ತೆಲುಗು ಅಕ್ಷರಮಾಲೆ ಬಲ್ಲ ಒಬ್ಬರು ಮತ್ತು ಮುಳಬಾಗಿಲಿಗೆ ಹೋಗುವ ಬಸ್ಸಿನ ಟಿಕೆಟ್ ಇದ್ದರೆ ಶುರು ಮಾಡಬಹುದು.